ಎನ್‌ಡಿಎ ಮುಗಿಸಿದರೆ ಫೈಟರ್ ಗ್ಯಾರಂಟಿಯಾ?

ಮದುವೆ ಊಟಕ್ಕೆ ಕೂತರೆ ಸಾಕು, ಸಾರು ಬರುವ ಮೊದಲೇ ಈ ಪ್ರಶ್ನೆ ಬರುತ್ತದೆ. ಹೋದ ತಿಂಗಳು ಉದ್ಯಾವರದ ಮದುವೆಯೊಂದರಲ್ಲೂ ಬಂತು. ಪಕ್ಕದಲ್ಲಿ ಕೂತವರ ಮಗ ಪಿಯುಸಿ. "ಅಲ್ಲ ಮಾರಾಯ್ರೆ, ಎನ್‌ಡಿಎ ಮುಗಿಸಿದ್ರೆ ಫೈಟರ್ ಗ್ಯಾರಂಟಿ ಅಲ್ವಾ?" ಎಂದರು. ಹಪ್ಪಳ ಮುರಿದುಕೊಂಡು ಇನ್ನೊಂದು ಸೇರಿಸಿದರು: "ಮತ್ತೆ ನಿಮ್ಗೆ ಎಂತಕ್ಕೆ ಹೆಲಿಕಾಪ್ಟರ್ ಕೊಟ್ಟದ್ದು?"

ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸಿ ನಿವೃತ್ತನಾದವನು, ಈಗ ಉಡುಪಿಯಲ್ಲಿದ್ದೇನೆ. ಬಾಳೆಲೆಯ ಮುಂದೆ ಕೂತು ಇದನ್ನೆಲ್ಲ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಎನ್‌ಡಿಎ ಅಂದರೆ ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿರುವ, ಮೂರೂ ಸೇನೆಗಳ ಅಧಿಕಾರಿಗಳಾಗುವವರು ಕಲಿಯುವ ಅಕಾಡೆಮಿ. ಫೈಟರ್ ಅಂದರೆ ಯುದ್ಧವಿಮಾನ.

ಈಗಿನ ಹುಡುಗರು ಅಮೆರಿಕದ ವಿಡಿಯೊ ನೋಡಿಕೊಂಡು ಬರುತ್ತಾರೆ. ಅಲ್ಲಿ ಅಕಾಡೆಮಿಯ ಓದು ಮುಗಿಯುತ್ತಾ ಬಂದಾಗ ಪೈಲಟ್ ಸೀಟಿಗೆ ಪೈಪೋಟಿ ಶುರು. ನಮ್ಮಲ್ಲಿ ಉಲ್ಟಾ. ಪೈಲಟ್ ಆಗಲು ಲಾಯಕ್ಕಾ ಅಲ್ವಾ ಎನ್ನುವುದು ಖಡಕ್‌ವಾಸ್ಲಾದ ಗೇಟು ದಾಟುವ ಮೊದಲೇ, ಎಸ್‌ಎಸ್‌ಬಿ ಎನ್ನುವ ಸೇನಾ ಆಯ್ಕೆ ಮಂಡಳಿಯ ಸಂದರ್ಶನದ ಹೊತ್ತಿಗೇ ತೀರ್ಮಾನ ಆಗಿರುತ್ತದೆ. ನಮ್ಮ ಕಾಲದಲ್ಲಿ ಆ ಪರೀಕ್ಷೆಗೆ ಪಿಎಬಿಟಿ ಎನ್ನುತ್ತಿದ್ದರು. ಈಗ ಅದು ಕಂಪ್ಯೂಟರಿನಲ್ಲಿ ನಡೆಯುವ ಸಿಪಿಎಸ್‌ಎಸ್. ಜೀವಮಾನದಲ್ಲಿ ಒಂದೇ ಸಲ. ಫೇಲಾದರೆ ಬೇರೆ ಶಾಖೆ ನೋಡಿಕೊಳ್ಳಬೇಕು, ಮರು ಪರೀಕ್ಷೆ ಅಂತ ಇಲ್ಲ. ನಾನು ಮೈಸೂರಿಗೆ ಹೋಗಿ ಕೊಟ್ಟಿದ್ದೆ. ಕೈಯಲ್ಲಿ ವಿಮಾನ ನಡೆಸುವಂಥ ಕೋಲು, ಕಾಲಡಿ ಪೆಡಲು, ಎದುರು ಒಂದು ಬೆಳಕಿನ ಚುಕ್ಕೆ. ಅದನ್ನು ನಡುವಲ್ಲೇ ನಿಲ್ಲಿಸಬೇಕು. ಕೈ ಸರಿ ಮಾಡುವಷ್ಟರಲ್ಲಿ ಕಾಲು ತಪ್ಪುತ್ತದೆ, ಕಾಲು ಸರಿ ಮಾಡಿದರೆ ಚುಕ್ಕೆ ಮೇಲೆ ಓಡುತ್ತದೆ. ಇದು ರ‍್ಯಾಂಕ್ ವಿದ್ಯಾರ್ಥಿಗೂ ಕೈಕೊಡುತ್ತದೆ, ಜಸ್ಟ್ ಪಾಸ್ ಆದವನಿಗೂ ಒಲಿಯುತ್ತದೆ.

ಮೆಡಿಕಲ್ ಇನ್ನೊಂದು ಜರಡಿ. ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಅದು ಎಲ್ಲರಿಗೂ ಗೊತ್ತು. ಕಾಲಿನ ಉದ್ದವನ್ನೂ ಅಳೆಯುತ್ತಾರೆ ಎನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 99ರಿಂದ 120 ಸೆಂಟಿಮೀಟರ್ ಒಳಗೆ ಇರಬೇಕು. ಗಿಡ್ಡ ಆದರೆ ಪೆಡಲು ಎಟುಕುವುದಿಲ್ಲ, ತುಂಬಾ ಉದ್ದ ಆದರೆ ಕಾಕ್‌ಪಿಟ್ಟಿನಲ್ಲಿ ಕಾಲು ಹಿಡಿಸುವುದಿಲ್ಲ. ಇದಕ್ಕೆ ಯಾವ ಕೋಚಿಂಗ್ ಸೆಂಟರ್ ಏನು ಮಾಡೀತು, ಹೇಳಿ.

ಎನ್‌ಡಿಎಯ ಮೂರು ವರ್ಷ ಓದು, ಓಟ, ಡ್ರಿಲ್. ಅಸಲಿ ಸ್ಪರ್ಧೆ ಶುರುವಾಗುವುದು ಆಮೇಲೆ, ಹೈದರಾಬಾದ್ ಹತ್ತಿರದ ದುಂಡಿಗಲ್ ಏರ್‌ಫೋರ್ಸ್ ಅಕಾಡೆಮಿಯಲ್ಲಿ. ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆದು ಬಂದವರು, ಎನ್‌ಸಿಸಿ ಏರ್ ವಿಂಗ್‌ನಿಂದ ಬಂದವರು ಎಲ್ಲ ಸೇರುವುದು ಅಲ್ಲೇ. ಮೊದಲ ಹಂತದ ತರಬೇತಿ ಈಗ ಪಿಲಾಟಸ್ ವಿಮಾನದಲ್ಲಿ. ಅದು ಮುಗಿದ ಮೇಲೆ ದಾರಿ ಮೂರಾಗುತ್ತದೆ: ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್. ನಿಮಗೇನು ಬೇಕು ಎಂದು ಕೇಳುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ನಿಮ್ಮ ಅಂಕ, ಕೈಗುಣ, ಆ ಸಲ ಯಾವುದರಲ್ಲಿ ಎಷ್ಟು ಜಾಗ ಇದೆ ಎನ್ನುವುದು, ಮೂರೂ ಸೇರಿ ತೀರ್ಮಾನ. ಫೈಟರ್‌ನವರು ಮುಂದೆ ನಮ್ಮ ಬೀದರಿಗೆ ಬಂದು ಹಾಕ್ ಎಂಬ ತರಬೇತಿ ಜೆಟ್ ಹಾರಿಸುತ್ತಾರೆ, ಟ್ರಾನ್ಸ್‌ಪೋರ್ಟ್‌ನವರಿಗೆ ಯಲಹಂಕ, ಹೆಲಿಕಾಪ್ಟರ್‌ನವರಿಗೆ ಹಕೀಂಪೇಟೆ. ಹಾರಾಟವೇ ಕೂಡಿಬರದವರು ನೆಲದ ಮೇಲಿನ ಕೆಲಸಕ್ಕೆ ಹೋಗುವುದೂ ಉಂಟು.

ಅಂಕ ಅಂದರೆ ವರ್ಷದ ಕೊನೆಯ ಪರೀಕ್ಷೆ ಅಂದುಕೊಳ್ಳಬೇಡಿ. ಪ್ರತಿ ಹಾರಾಟಕ್ಕೂ ಇನ್‌ಸ್ಟ್ರಕ್ಟರ್ ಬರೆದಿಡುತ್ತಾರೆ. ಇವತ್ತು ಹೊಟ್ಟೆ ಸರಿ ಇರಲಿಲ್ಲ, ನಿನ್ನೆ ನಿದ್ದೆ ಇರಲಿಲ್ಲ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಈಗ ನನ್ನ ಕತೆಗೆ ಬರುತ್ತೇನೆ. ನಾನು ಕಲಿತದ್ದು ಎಚ್‌ಪಿಟಿ-32 ಎಂಬ ಹಳೆಯ ತರಬೇತಿ ವಿಮಾನದಲ್ಲಿ. ಅದರಲ್ಲಿ ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಕೂರುತ್ತಿದ್ದರು. ಪಿಲಾಟಸ್‌ನಲ್ಲಾದರೆ ಹಿಂದೆ. ಪಕ್ಕದಲ್ಲಿದ್ದರೆ ನಮ್ಮ ಕೈ ಅವರಿಗೆ ಕಾಣುತ್ತದೆ, ಅದೇ ನನ್ನ ತಾಪತ್ರಯ. ನಾನು ಕೋಲನ್ನು ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿದ ಹಾಗೆ ಹಿಡಿಯುತ್ತಿದ್ದೆ. ಬೆರಳ ಗೆಣ್ಣು ಬಿಳಿಚಿಕೊಳ್ಳುತ್ತಿತ್ತು, ವಿಮಾನ ಕುಪ್ಪಳಿಸುತ್ತಿತ್ತು. ಒಂದು ದಿನ ಅವರು ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಬೆರಳುಗಳ ಸಂದಿಗೆ ತುರುಕಿದರು. ಬಿಗಿ ಹಿಡಿದರೆ ಅದು ಒತ್ತಿ ನೋಯುತ್ತದೆ. ಆ ದಿನ ಇಳಿದ ಮೇಲೂ ಬೆರಳಿನಲ್ಲಿ ಗುರುತು ಉಳಿದಿತ್ತು.

ರಜೆಗೆ ಊರಿಗೆ ಬಂದಾಗಲೂ ಬಿಡಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ, ಮಂಡಿಗಳ ನಡುವೆ ಹಿಡಿಸೂಡಿ ನಿಲ್ಲಿಸಿ, ಕಣ್ಣು ಮುಚ್ಚಿ ಟೇಕಾಫಿನಿಂದ ಲ್ಯಾಂಡಿಂಗ್ ತನಕ ಬಾಯಲ್ಲೇ ಹಾರಿಸುತ್ತಿದ್ದೆ. ಸುಮ್ನೆ ಆಟ ಅಲ್ಲ, ಎಲ್ಲ ಕೆಡೆಟ್‌ಗಳೂ ಮಾಡುವುದೇ. ಅಮ್ಮ ಬಂದು, "ಎಂತ ಮಾರಾಯ, ಅಂಗಳ ಗುಡಿಸ್ಲಿಕ್ಕೆ ಉಂಟು, ನಿನ್ನ ವಿಮಾನ ಕೊಡು" ಎಂದು ಕಿತ್ತುಕೊಂಡು ಹೋಗುತ್ತಿದ್ದರು.

ಕೈ ಹಗುರಾಯಿತು, ಆದರೆ ತಡವಾಗಿ. ಆಗಲೇ ಬರೆದಿಟ್ಟ ಅಂಕ ಅಳಿಸಲು ಆಗುತ್ತದಾ? ನನ್ನ ಮೊದಲ ಆಯ್ಕೆ ಫೈಟರ್ ಆಗಿತ್ತು. ಹೆಸರು ಓದಿದಾಗ ಹೆಲಿಕಾಪ್ಟರ್ ಅಂದರು. ಆ ರಾತ್ರಿ ಊಟ ಸೇರಲಿಲ್ಲ. ಸುಳ್ಳು ಯಾಕೆ ಹೇಳಲಿ?

ತಮಾಷೆ ಅಂದರೆ, ಹೆಲಿಕಾಪ್ಟರನ್ನು ಒಂದೇ ಕಡೆ ಗಾಳಿಯಲ್ಲಿ ನಿಲ್ಲಿಸಲು ಇನ್ನೂ ಹಗುರ ಕೈ ಬೇಕು. ಕೋಲನ್ನು ಅಲ್ಲಾಡಿಸುವುದಲ್ಲ, ಅಲ್ಲಾಡಿಸಬೇಕು ಎಂದು ಯೋಚಿಸಿದರೆ ಸಾಕು ಎನ್ನುತ್ತೇವೆ ನಾವು. ಬಿಗಿ ಹಿಡಿದು ಕಲಿತ ನನಗೆ ಅದೇ ಗಂಟು ಬಿತ್ತು ನೋಡಿ. ಫೈಟರ್ ಸಿಗದವರಿಗೆ ಹೆಲಿಕಾಪ್ಟರ್ ಎಂದು ಊರಿನವರು ಛೆ ಛೆ ಎನ್ನುತ್ತಾರೆ. ಸಿಯಾಚಿನ್ ಚೌಕಿಗೆ ಸೀಮೆಎಣ್ಣೆ ಇಳಿಸುವವರು, 2013ರ ಉತ್ತರಾಖಂಡ ಪ್ರವಾಹದಲ್ಲಿ ಬೆಟ್ಟದಿಂದ ಜನರನ್ನು ಎತ್ತಿ ತಂದವರು ಹೆಲಿಕಾಪ್ಟರ್‌ನವರೇ. ಅದನ್ನೇ ಬೇಕು ಎಂದು ಬರೆದುಕೊಡುವ ಕೆಡೆಟ್‌ಗಳೂ ಇದ್ದಾರೆ.

ಉದ್ಯಾವರದ ಆ ಹುಡುಗ ಮುಂದಿನ ಭಾನುವಾರವೇ ಮನೆಗೆ ಬಂದ. ಗೋಡೆಗೆ ಬೆನ್ನು ಕೊಟ್ಟು ಕಾಲು ನೀಡಿ ಕೂರಲು ಹೇಳಿ ಟೇಪು ಹಿಡಿದೆ. 104 ಬಂತು. ಒಂದು ಸಲ ಕಣ್ಣು ತೋರಿಸಿಕೊಂಡು ಬಾ, ಬಣ್ಣ ಗುರುತಿಸುವುದನ್ನೂ ನೋಡಿಸು ಎಂದೆ. ಹೊರಡುವಾಗ ಅವನ ಕಣ್ಣು ಮೂಲೆಯಲ್ಲಿದ್ದ ಹಿಡಿಸೂಡಿಯ ಮೇಲೆ ಬಿತ್ತು. ಅಮ್ಮ ಹೇಳಿಬಿಟ್ಟಿದ್ದರು, ಕಾಣುತ್ತದೆ.