ಓಜ್ ಕತೆಗಾರನ ಅತ್ತೆಮನೆ

ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ನಯಾಗರ ತೋರಿಸಿಯಾಗಿತ್ತು. ಇನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ದಾರಿ ತೋರಿಸಿದವಳು ಮಗಳು. ಆ ವರ್ಷವೆಲ್ಲ ಅವಳು ಎಲ್. ಫ್ರ್ಯಾಂಕ್ ಬಾಮ್ ಓಜ್ ಎಂಬ ಮಾಯಾದೇಶದ ಮೇಲೆ ಬರೆದ ಮಕ್ಕಳ ಪುಸ್ತಕಗಳಲ್ಲೇ ಮುಳುಗಿದ್ದಳು. ಅವು ಒಟ್ಟು 14. ಲೋಕಕ್ಕೆ ಗೊತ್ತಿರುವುದು 1900ರಲ್ಲಿ ಷಿಕಾಗೋದಿಂದ ಹೊರಬಂದ ಮೊದಲನೆಯದು, ಅದೂ 1939ರ ಸಿನಿಮಾದ ದೆಸೆಯಿಂದ. ಸುಂಟರಗಾಳಿಗೆ ಸಿಕ್ಕಿ ಓಜ್‌ಗೆ ಬಂದು ಬೀಳುವ ಹುಡುಗಿ ಡೊರೊತಿಯ ಬೂಟುಗಳು ಪುಸ್ತಕದಲ್ಲಿ ಬೆಳ್ಳಿಯವು, ಕೆಂಪಾದದ್ದು ಸಿನಿಮಾದಲ್ಲಿ ಎಂದು ಅವಳು ಮನೆಗೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದಳು. ಬಾಮ್ ಹುಟ್ಟಿದ ಚಿಟನ್ಯಾಂಗೊ ನಾವಿರುವ, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಿಂದ ಪೂರ್ವಕ್ಕೆ ಅರ್ಧ ಗಂಟೆಯ ದಾರಿ. ಅಲ್ಲಿಗೇ ಹೊರಟೆವು.

ಪುಟ್ಟ ಊರು. ಕತೆಯಲ್ಲಿ ಡೊರೊತಿ ನಡೆಯುವ ದಾರಿಯಂತೆ ಪೇಟೆಯ ಕಾಲುದಾರಿಗೆ ಹಳದಿ ಇಟ್ಟಿಗೆ ಹಾಸಿದ್ದಾರೆ. ಜೂನ್‌ನಲ್ಲಿ ಇಲ್ಲಿ ಓಜ್ ಹಬ್ಬ ನಡೆಯುತ್ತದೆ. ನಾವು ಹೋದದ್ದು ಹಬ್ಬದ ಸದ್ದಡಗಿದ ಮೇಲೆ. ಮಗಳು ಇಟ್ಟಿಗೆಯ ಮೇಲೆ ಕುಣಿದಳು, ಫೋಟೊ ತೆಗೆದೆವು, ಐಸ್‌ಕ್ರೀಮ್ ತಿಂದೆವು. ಊರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ನನಗಿಲ್ಲ.

ಅದೇ ಬೀದಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಒಂದು ಜೂಜುಮನೆ ಇದೆ. ಹೆಸರು ಯೆಲ್ಲೋ ಬ್ರಿಕ್ ರೋಡ್ ಕ್ಯಾಸಿನೊ. ಈ ನೆಲದ ಮೂಲ ನಿವಾಸಿಗಳಾದ ಒನೈಡಾ ಜನಾಂಗದವರು 2015ರಲ್ಲಿ ತೆರೆದದ್ದು. ಮಗಳಿಗೆ ತಡೆಯಲಾಗದ ನಗು. ಓಜ್ ದೇಶದಲ್ಲಿ ಹಣವೇ ಇಲ್ಲ, ಬೇಕಾದ್ದನ್ನು ಜನ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ ಎಂದು ಮುಂದಿನ ಪುಸ್ತಕಗಳಲ್ಲಿ ಬಾಮ್ ಸ್ಪಷ್ಟವಾಗಿ ಬರೆದಿದ್ದಾನೆ. ನನಗೆ ನಗು ಬರಲಿಲ್ಲ. ಆ ಹೆಸರು ಇಟ್ಟಾಗ ಬೇರೆ ಬುಡಕಟ್ಟುಗಳ ಕೆಲವರು ಯಾಕೆ ಸಿಟ್ಟಿಗೆದ್ದರೆಂಬುದು ನನಗೆ ಗೊತ್ತಿತ್ತು. ಮಗುವಿನ ಮುಂದೆ ಆ ಮಾತು ತೆಗೆಯುವ ಮನಸ್ಸಾಗದೆ ಕಾರು ಓಡಿಸುತ್ತ ಹೋದೆ.

ರಸ್ತೆ ನೇರವಾಗಿ ಫಯೆಟ್‌ವಿಲ್‌ಗೆ ಮುಟ್ಟಿಸುತ್ತದೆ. ಅಲ್ಲಿ ಅದೇ ಜೆನೆಸೀ ಬೀದಿಯಲ್ಲಿ, ಮುಂದೆ ಕಂಬಗಳಿರುವ ಬಿಳಿ ಮನೆಯೊಂದಿದೆ. ಬಾಮನ ಅತ್ತೆ ಮಟಿಲ್ಡಾ ಜೋಸ್ಲಿನ್ ಗೇಜ್ ಬಾಳಿದ ಮನೆ, ಈಗ ವಸ್ತುಸಂಗ್ರಹಾಲಯ. 1882ರ ನವೆಂಬರ್ 9ರಂದು ಆಕೆಯ ಮಗಳು ಮೌಡ್‌ಗೂ ಬಾಮನಿಗೂ ಮದುವೆಯಾದದ್ದು ಇದರ ಹಜಾರದಲ್ಲಿ. ಹುಡುಗಿ ಕಾರ್ನೆಲ್ ವಿಶ್ವವಿದ್ಯಾಲಯದ ಓದು ಬಿಟ್ಟು ಊರೂರು ಅಲೆಯುವ ನಾಟಕದವನನ್ನು ಕಟ್ಟಿಕೊಳ್ಳುತ್ತೇನೆಂದಾಗ ತಾಯಿ ಕೆಂಡವಾಗಿದ್ದಳಂತೆ. ಇದನ್ನು ಕೇಳಿ ನಮ್ಮ ಅತ್ತೆಯವರು ನನ್ನ ಕಡೆ ಒಮ್ಮೆ ನೋಡಿ, ‘ಅಳಿಯ ಅಲ್ಲ, ಮಗಳ ಗಂಡ’ ಎಂದರು. ನಾನು ಗೋಡೆಯ ಚಿತ್ರಗಳನ್ನು ತದೇಕಚಿತ್ತದಿಂದ ನೋಡತೊಡಗಿದೆ.

ಈ ಗೇಜ್ ಸಾಮಾನ್ಯ ಹೆಂಗಸಲ್ಲ. ಸೂಸನ್ ಆಂಟನಿ, ಎಲಿಜಬೆತ್ ಸ್ಟ್ಯಾಂಟನ್ ಜೊತೆಗೂಡಿ ಹೆಂಗಸರ ಮತದಾನದ ಹೋರಾಟದ ಇತಿಹಾಸ ಬರೆದವಳು. ಚರ್ಚು ಹೆಣ್ಣನ್ನು ತುಳಿಯಿತು, ಮಾಟಗಾತಿಯರೆಂದು ಸುಟ್ಟದ್ದು ನಿರಪರಾಧಿ ಹೆಂಗಸರನ್ನು ಎಂದು 1893ರಲ್ಲೇ ಪುಸ್ತಕ ಬರೆದು ಬೈಸಿಕೊಂಡವಳು. ಓಜ್ ದೇಶಕ್ಕೆ ಒಳ್ಳೆಯ ಮಾಟಗಾತಿಯರು ಎಲ್ಲಿಂದ ಬಂದರು ಎಂಬುದಕ್ಕೆ ನಾನು ಬೇರೆ ಕಾರಣ ಹುಡುಕುವುದಿಲ್ಲ. ಆ ದೇಶವನ್ನು ಕೊನೆಗೆ ಆಳುವವಳೂ ಹುಡುಗಿ, ಓಜ್ಮಾ. ಷಿಕಾಗೋದಲ್ಲಿ ಅಳಿಯನ ಮನೆಯಲ್ಲಿ ಚಳಿಗಾಲ ಕಳೆಯುತ್ತಿದ್ದಾಗ, ಮಕ್ಕಳಿಗೆ ಹೇಳುವ ಕತೆಗಳನ್ನು ಬರೆದಿಡು ಎಂದು ಬೆನ್ನು ಹತ್ತಿದವಳು ಗೇಜಳೇ. ಅಷ್ಟರಲ್ಲಿ ಅಳಿಯ ಕೋಳಿ ಸಾಕಿ, ನಾಟಕ ಆಡಿ, ಅಂಗಡಿ ಇಟ್ಟು, ಪತ್ರಿಕೆ ನಡೆಸಿ, ಒಂದರಲ್ಲೂ ನೆಲೆ ನಿಲ್ಲದೆ ಪಿಂಗಾಣಿ ಪಾತ್ರೆ ಮಾರುತ್ತ ಊರೂರು ತಿರುಗುತ್ತಿದ್ದ. 1898ರ ಮಾರ್ಚ್‌ನಲ್ಲಿ ಅವಳು ಅಳಿಯನ ಮನೆಯಲ್ಲೇ ತೀರಿಕೊಂಡಳು. ಓಜ್ ಅಚ್ಚಾದದ್ದನ್ನು ನೋಡಲಿಲ್ಲ.

ಮನೆಯ ಒಂದು ಕೋಣೆ ಒನೈಡಾ, ಮೊಹಾಕ್ ಮುಂತಾದ ಬುಡಕಟ್ಟುಗಳ ಹೊಡೆನೊಶೋನಿ ಒಕ್ಕೂಟಕ್ಕೆ ಮೀಸಲು. ಅವರಲ್ಲಿ ಮನೆತನ ತಾಯಿಯ ಕಡೆಯಿಂದ ಹರಿದು ಬರುತ್ತದೆ, ನಾಯಕನನ್ನು ಆರಿಸುವುದೂ ಇಳಿಸುವುದೂ ಕುಲದ ಹಿರಿಯ ಹೆಂಗಸರು ಎಂಬುದನ್ನು ಗೇಜ್ ಬೆರಗಿನಿಂದ ಬರೆದಿದ್ದಳು. 1893ರಲ್ಲಿ ಮೊಹಾಕರು ಅವಳನ್ನು ತಮ್ಮ ತೋಳ ಕುಲಕ್ಕೆ ಸೇರಿಸಿಕೊಂಡರು. ಅತ್ತೆಯವರು ಆ ಕೋಣೆಯಲ್ಲೇ ಬಹಳ ಹೊತ್ತು ನಿಂತರು. ‘ಹಾಗಿದ್ದರೆ ಅಳಿಯನೂ ಇವರ ಪರವಾಗಿದ್ದನೆ?’ ಎಂದು ಕೇಳಿದರು. ಇನ್ನು ಮುಚ್ಚಿಡುವಂತಿರಲಿಲ್ಲ.

ಗೇಜಳ ಮಕ್ಕಳಲ್ಲಿ ಕೆಲವರು ಡಕೋಟದಲ್ಲಿ ನೆಲೆಸಿದ್ದರಿಂದ ಬಾಮ್ ದಂಪತಿಗಳೂ 1888ರಲ್ಲಿ ಅಲ್ಲಿನ ಆಬರ್ಡೀನ್‌ಗೆ ಹೋದರು. ಅಂಗಡಿ ಮುಳುಗಿದ ಮೇಲೆ ಅವನು ಅಲ್ಲಿ ವಾರಪತ್ರಿಕೆಯ ಸಂಪಾದಕನಾದ. ಅದರಲ್ಲಿ ಹೆಂಗಸರ ಮತದಾನದ ಪರವಾಗಿ ಚೆನ್ನಾಗಿಯೇ ಬರೆದ. 1890ರ ಡಿಸೆಂಬರ್‌ನಲ್ಲಿ ಆ ಕಡೆಯ ಮೂಲ ನಿವಾಸಿಗಳಾದ ಲಕೋಟ ಜನರ ನಾಯಕ ಸಿಟಿಂಗ್ ಬುಲ್ ಕೊಲೆಯಾದ. ಗಡಿನಾಡಿನ ಬಿಳಿಯರು ನೆಮ್ಮದಿಯಾಗಿರಬೇಕಾದರೆ ಉಳಿದ ಇಂಡಿಯನ್ನರನ್ನು, ಎಂದರೆ ಮೂಲ ನಿವಾಸಿಗಳನ್ನು, ಪೂರ್ತಿ ಇಲ್ಲವಾಗಿಸಬೇಕು ಎಂದು ಬಾಮ್ ಸಂಪಾದಕೀಯ ಬರೆದ. ಅದೇ ತಿಂಗಳ 29ರಂದು ವೂಂಡೆಡ್ ನೀಯಲ್ಲಿ ಸೈನಿಕರು ಹೆಂಗಸರು ಮಕ್ಕಳೆನ್ನದೆ ನೂರಾರು ಲಕೋಟ ಜನರನ್ನು ಕೊಂದರು. ಮುಂದಿನ ವಾರ ಅವನು ಮತ್ತೆ ಬರೆದ: ಶತಮಾನಗಳಿಂದ ಅವರಿಗೆ ಅನ್ಯಾಯ ಮಾಡಿದ್ದೇವೆ, ಇನ್ನೊಂದು ಅನ್ಯಾಯ ಮಾಡಿ ಅಳಿಸಿಯೇ ಬಿಡೋಣ. ಅದು ವ್ಯಂಗ್ಯ ಎಂದು ವಾದಿಸುವವರಿದ್ದಾರೆ. ನಾನು ಹುಡುಕುತ್ತ ಓದಿದ್ದೇನೆ, ನನಗೆ ವ್ಯಂಗ್ಯ ಸಿಕ್ಕಿಲ್ಲ. 2006ರಲ್ಲಿ ಅವನ ವಂಶದವರು ಲಕೋಟ ಜನರ ಮುಂದೆ ಕ್ಷಮೆ ಕೇಳಿದರು.

ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಾರಿನಲ್ಲಿ ಅವಳು ಕೇಳಿದ್ದು ಒಂದೇ: ಆ ಮಾತು ಬರೆದಾಗ ಅವನಿಗೆ ಮಕ್ಕಳಿದ್ದರೆ? ಇದ್ದರು. ಮೂವರು ಗಂಡುಮಕ್ಕಳಿದ್ದರು, ಮೂರನೆಯವನಿಗೆ ಆಗಷ್ಟೇ ಒಂದು ವರ್ಷ ತುಂಬಿತ್ತು.

ಫಯೆಟ್‌ವಿಲ್ ಸ್ಮಶಾನದಲ್ಲಿ ಗೇಜಳ ಕಲ್ಲಿದೆ. ತಾಯಿ, ಮನೆ, ಸ್ವರ್ಗ ಈ ಮೂರಕ್ಕಿಂತ ಸಿಹಿಯಾದ ಪದ ಸ್ವಾತಂತ್ರ್ಯ ಎಂಬುದು ಅವಳ ಮಾತು, ಅದನ್ನೇ ಕೆತ್ತಿದ್ದಾರೆ. ಮನೆಗೆ ಹೋಗಬೇಕೆಂದು ಪುಸ್ತಕವಿಡೀ ಹಂಬಲಿಸುವ ಡೊರೊತಿಯನ್ನು ನೆನೆದರೆ, ಅತ್ತೆ ಅಳಿಯ ಎಲ್ಲದರಲ್ಲೂ ಒಮ್ಮತದವರಲ್ಲ ಎನ್ನಿಸುತ್ತದೆ.

ಆ ವಾರ ಅಜ್ಜಿ ಮೊಮ್ಮಗಳು ಸೇರಿ ಆರನೆಯ ಪುಸ್ತಕ ಶುರು ಮಾಡಿದರು, 1910ರದು. ಮಗಳು ಇಂಗ್ಲಿಷಿನಲ್ಲಿ ಓದುವುದು, ಅಜ್ಜಿ ಕನ್ನಡದಲ್ಲಿ ಟೀಕೆ ಮಾಡುವುದು. ಸುಂಟರಗಾಳಿಗೆ ಹಾರಿಹೋದ ಮನೆಯನ್ನು ಮತ್ತೆ ಕಟ್ಟಲು ಹೆನ್ರಿ ಮಾವ ಹೊಲ ಅಡವಿಟ್ಟಿದ್ದಾನೆ, ಸಾಲ ತೀರಿಸಲಾಗದೆ ಬ್ಯಾಂಕಿಗೆ ಬಿಟ್ಟುಕೊಡಬೇಕಾಗಿದೆ. ಡೊರೊತಿ ಓಜ್ಮಾಳನ್ನು ಕೇಳಿ ಮಾವನನ್ನೂ ಅತ್ತೆಯನ್ನೂ ಓಜ್‌ಗೆ ಶಾಶ್ವತವಾಗಿ ಕರೆಸಿಕೊಳ್ಳುತ್ತಾಳೆ. ನಮ್ಮ ಅತ್ತೆಯವರು ಪುಸ್ತಕದ ಮೇಲೆ ಕೈಯಿಟ್ಟು, ‘ಸಾಲಕ್ಕೆ ಹೊಲ ಕಳೆದುಕೊಂಡವನಿಗೆ ಒಂದು ದೇಶವನ್ನೇ ಕೊಟ್ಟ. ಅವನಿಗಿಂತ ಮೊದಲು ಆ ಹೊಲ ಯಾರದಾಗಿತ್ತು?’ ಎಂದರು. ಮಗಳು ಯೋಚಿಸಿ, ಅದು ಈ ಪುಸ್ತಕದಲ್ಲಿ ಇಲ್ಲ ಅಜ್ಜಿ ಎಂದು ಅವರ ಕೈ ಸರಿಸಿ ಮುಂದಕ್ಕೆ ಓದಿದಳು. ಓಜ್ ಗೆಲ್ಲಲು ಹೊರಟ ನೋಮ್ ರಾಜ ಮರುಭೂಮಿಯ ಕೆಳಗೆ ಸುರಂಗ ತೋಡಿಸುತ್ತಿದ್ದ.