ಪಾಂತಾಲಿಕಾದ ಹಳೇ ರೈಲು ದಾರಿಯಲ್ಲಿ ಸೈಕಲ್: ಸಿಸಿಲಿಗೆ ಹೊರಟವರಿಗೆ ಒಂದಿಷ್ಟು ಮಾತು

ಇಟಲಿಯ ದ್ವೀಪ ಸಿಸಿಲಿಯಲ್ಲಿ ಸೈಕಲ್ ಅಂದ ಕೂಡಲೇ ಎಲ್ಲರೂ ಎಟ್ನಾ ಅಗ್ನಿಪರ್ವತ ಹತ್ತುವ ಮಾತಾಡುತ್ತಾರೆ. ಎಟ್ನಾ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಕಾರು ಬಸ್ಸುಗಳ ಕಾಟ ಇಲ್ಲದೆ, ಜಲ್ಲಿ ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ತುಳಿಯುತ್ತಾ ಹೋಗಬೇಕು ಅನ್ನುವವರು ದ್ವೀಪದ ಆಗ್ನೇಯ ಮೂಲೆಗೆ ಹೋಗಿ. ಅಲ್ಲಿ ಇಬ್ಲೇಯಿ ಅನ್ನುವ ಗುಡ್ಡಸಾಲು ಇದೆ, ಹೆಚ್ಚಿನದೆಲ್ಲ ಸುಣ್ಣಕಲ್ಲು. ಎಲ್ಲಕ್ಕಿಂತ ಎತ್ತರದ ಮೊಂತೆ ಲಾವ್ರೊ ಕೂಡ ಸಾವಿರ ಮೀಟರ್ ಮುಟ್ಟುವುದಿಲ್ಲ.

ಹಾಗಂತ ಸುಲಭ ಅಂದುಕೊಳ್ಳಬೇಡಿ. ನದಿಗಳು ಈ ಕಲ್ಲನ್ನು ಆಳಕ್ಕೆ ಕೊರೆದು ಕಣಿವೆ ಮಾಡಿವೆ. ಊರುಗಳೆಲ್ಲ ಮೇಲೆ, ಒಳ್ಳೆಯ ದಾರಿಗಳೆಲ್ಲ ಕೆಳಗೆ. ನಕ್ಷೆಯಲ್ಲಿ ಇಪ್ಪತ್ತು ಕಿಲೋಮೀಟರ್ ಕಂಡರೆ ಅದರಲ್ಲಿ ಕೊನೆಯ ಐದು ಕಡಿದಾದ ಏರು ಇರುತ್ತದೆ, ಅದೂ ಸಂಜೆ, ಕಾಲು ಸೋತಾಗ. ಅದಕ್ಕೇ ಹೇಳೋದು, ಮೊದಲು ರಾತ್ರಿ ಉಳಿಯುವ ಊರು ಗೊತ್ತು ಮಾಡಿ, ಅಲ್ಲಿಗೆ ಎಷ್ಟು ಹತ್ತಬೇಕು ನೋಡಿ. ದಾರಿ ಆಮೇಲೆ.

ಈ ಭಾಗದ ಮುಖ್ಯ ಆಕರ್ಷಣೆ ಆನಾಪೊ ನದಿಯ ಕಣಿವೆ. ಸಿರಾಕೂಸಾ ನಗರದಿಂದ ವಿತ್ಸಿನಿ, ರಗೂಸಾ ಊರುಗಳ ಕಡೆಗೆ ಒಂದು ನ್ಯಾರೋಗೇಜ್ ರೈಲು ಓಡುತ್ತಿತ್ತು. 1915ರಲ್ಲಿ ಶುರುವಾದದ್ದು, 1956ರ ಹೊತ್ತಿಗೆ ಪೂರ್ತಿ ನಿಂತುಹೋಯಿತು. ಹಳಿ ಕಿತ್ತರು, ದಾರಿ ಉಳಿಯಿತು. ಕಣಿವೆಯೊಳಗಿನ ಆ ದಾರಿ ಈಗ ನಡೆಯುವವರಿಗೆ, ಸೈಕಲ್‌ನವರಿಗೆ. ಒಂದು ತುದಿ ಸೊರ್ತಿನೊ ಊರಿನ ಕೆಳಗೆ, ಇನ್ನೊಂದು ಕಸ್ಸಾರೊ, ಫೆರ್ಲಾ ಕಡೆಗೆ. ಉಗಿಬಂಡಿ ಹತ್ತಲು ಮಾಡಿದ ದಾರಿಯಾದ್ದರಿಂದ ಏರು ಗೊತ್ತೇ ಆಗುವುದಿಲ್ಲ. ಒಂದು ಕಡೆ ನದಿ, ಕಣಗಿಲೆ ಪೊದೆ, ಪ್ಲೇನ್ ಮರಗಳ ನೆರಳು. ಇನ್ನೊಂದು ಕಡೆ ನೇರ ಎದ್ದ ಬಿಳಿ ಬಂಡೆ. ಮಧ್ಯದಲ್ಲಿ ಪಾಂತಾಲಿಕಾ ಅನ್ನುವ ಹಳೇ ನಿಲ್ದಾಣದ ಕಟ್ಟಡ ಇನ್ನೂ ನಿಂತಿದೆ.

ಈ ರೈಲು ದಾರಿಯಲ್ಲಿ ಸಿಗುವ ಸುರಂಗಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಳಗೆ ದೀಪ ಇಲ್ಲ. ಹೊಕ್ಕ ಕೂಡಲೇ ಮೈ ತಣ್ಣಗಾಗುತ್ತದೆ, ಮೇಲಿಂದ ನೀರು ತೊಟ್ಟಿಕ್ಕುತ್ತದೆ, ನೆಲದಲ್ಲಿ ಜಲ್ಲಿಯ ಬದಲು ಕೆಸರು ಸಿಗುತ್ತದೆ. ಸುರಂಗ ಬಾಗಿದ್ದರೆ ನಡುವೆ ಒಂದು ಕಡೆ ಹಿಂದಿನ ಬೆಳಕೂ ಹೋಗಿರುತ್ತದೆ, ಮುಂದಿನದು ಇನ್ನೂ ಬಂದಿರುವುದಿಲ್ಲ. ಮೊಬೈಲ್ ಟಾರ್ಚ್ ಇದಕ್ಕೆ ಸಾಲದು. ಹ್ಯಾಂಡಲ್‌ಗೆ ಒಳ್ಳೆಯ ಲೈಟ್ ಕಟ್ಟಿ, ಕೂಲಿಂಗ್ ಗ್ಲಾಸ್ ತೆಗೆದು, ಬೆಲ್ ಬಾರಿಸುತ್ತಾ ಹೋಗಿ. ಎದುರಿಗೆ ಮಕ್ಕಳನ್ನು ಕರೆದುಕೊಂಡು, ಕೈಯಲ್ಲಿ ಏನೂ ಬೆಳಕಿಲ್ಲದೆ ಬರುವ ಕುಟುಂಬಗಳೂ ಇರುತ್ತವೆ.

ಇನ್ನು ಬಂಡೆಯಲ್ಲಿ ಕಾಣುವ ತೂತುಗಳು. ದೂರದಿಂದ ಪಾರಿವಾಳದ ಗೂಡಿನ ಸಾಲು ಅನ್ನಿಸುತ್ತದೆ. ಅವೆಲ್ಲ ಸಮಾಧಿಗಳು, 5,000ಕ್ಕೂ ಹೆಚ್ಚು. ಈ ಸಮಾಧಿಗಳ ಜಾಗಕ್ಕೇ ಪಾಂತಾಲಿಕಾ ಅನ್ನುವುದು. ಹೆಚ್ಚಿನವು ಕ್ರಿ.ಪೂ. 13ರಿಂದ 7ನೇ ಶತಮಾನದ ನಡುವೆ ಕೊರೆದವು. ಪಾಂತಾಲಿಕಾ ಮತ್ತು ಸಿರಾಕೂಸಾ ಎರಡನ್ನೂ ಸೇರಿಸಿ ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಸೈಕಲ್ ಒರಗಿಸಿ ಒಂದರ ಹತ್ತಿರ ಹೋಗಿ ನೋಡಿ. ಬಾಯಿ ಚೌಕವಾಗಿದೆ, ಬಗ್ಗಿ ನುಗ್ಗುವಷ್ಟು ಮಾತ್ರ. ಅಂಚಿನ ಸುತ್ತ ಕಲ್ಲನ್ನು ಒಂದು ಪಟ್ಟಿಯಷ್ಟು ಒಳಕ್ಕೆ ಕೆತ್ತಿದ್ದಾರೆ, ಮುಚ್ಚುವ ಚಪ್ಪಡಿ ಸರಿಯಾಗಿ ಕೂರಲಿ ಅಂತ. ಬೈಜಾಂಟೈನ್ (ಪೂರ್ವ ರೋಮನ್) ಸಾಮ್ರಾಜ್ಯದ ಕಾಲದಲ್ಲಿ ಜನ ಇದೇ ಕಣಿವೆಯ ಬಂಡೆಗಳಲ್ಲಿ ಮನೆ ಮಾಡಿಕೊಂಡರು, ಪುಟ್ಟ ಚರ್ಚುಗಳನ್ನೂ ಕೊರೆದರು.

ಇಲ್ಲಿ ಒಂದು ಎಚ್ಚರಿಕೆ. ಫೆರ್ಲಾದಿಂದ ಮೇಲ್ಗಡೆಯೇ ಪಾಂತಾಲಿಕಾಗೆ ಒಂದು ಡಾಂಬರು ರಸ್ತೆ ಬರುತ್ತದೆ. ಸೊರ್ತಿನೊದಿಂದಲೂ ಒಂದು ಬರುತ್ತದೆ. ಎರಡೂ ಒಂದಕ್ಕೊಂದು ಸೇರುವುದೇ ಇಲ್ಲ! ನಡುವೆ ಕಲ್ಚಿನಾರಾ ಅನ್ನುವ ತೊರೆಯ ಕೊರಕಲು. ರಸ್ತೆ ಪೂರ್ತಿ ಮಾಡದೆ ಕೈಬಿಟ್ಟಿದ್ದಾರೆ. ದಾಟಲು ಇರುವುದು ಕಾಲುದಾರಿ, ಬಂಡೆಯ ಮೆಟ್ಟಿಲು. ಬ್ಯಾಗ್ ಕಟ್ಟಿದ ಸೈಕಲ್ ಹೆಗಲ ಮೇಲೆ ಹೊತ್ತು ಇಳಿದು ಹತ್ತುವ ಹಠ ಬೇಡ. ಆ ಕಡೆಯಿಂದ ಈ ಕಡೆಗೆ ಹೋಗಬೇಕಾದವರು ಕೆಳಗಿನ ರೈಲು ದಾರಿಯನ್ನೇ ಹಿಡಿಯಿರಿ. ಗೂಗಲ್ ಮ್ಯಾಪ್ ಏನೇ ಹೇಳಲಿ.

ಕಣಿವೆಗೆ ಗೇಟು ಇದೆ. ಮಳೆ ಜೋರಾದಾಗ, ಬಂಡೆ ಉರುಳಿದಾಗ, ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯ ಇದ್ದಾಗ ಮುಚ್ಚುತ್ತಾರೆ. ಹಿಂದಿನ ರಾತ್ರಿ ಉಳಿದ ಮನೆಯವರನ್ನೇ ಕೇಳಿ. ಅವರಿಗೆ ವೆಬ್‌ಸೈಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮುಚ್ಚಿದ್ದರೆ ಬದಲಿಗೆ ಒಂದು ದಾರಿ ಇಟ್ಟುಕೊಂಡಿರಿ.

ಕಣಿವೆಯಿಂದ ಮೇಲೆ ಬಂದರೆ ‘ಪಲಾತ್ಸೊಲೊ ಅಕ್ರೇಯಿದೆ’ ಅನ್ನುವ ಊರು ಸಿಗುತ್ತದೆ. ಉಳಿಯಲು ನನಗೆ ತುಂಬಾ ಹಿಡಿಸಿದ ಊರು ಇದೇ. ಸಿರಾಕೂಸಾದ ಗ್ರೀಕರು ಕ್ರಿ.ಪೂ. 664ರ ಸುಮಾರಿಗೆ ಇಲ್ಲಿ ಅಕ್ರಾಯ್ ಅನ್ನುವ ಊರು ಕಟ್ಟಿದ್ದರು. ಅವರ ಪುಟ್ಟ ಬಯಲು ರಂಗಮಂದಿರ ಊರಂಚಿನಲ್ಲೇ ಇದೆ. ಸಿರಾಕೂಸಾದ ದೊಡ್ಡ ರಂಗಮಂದಿರದ ಗದ್ದಲ ಇಲ್ಲಿಲ್ಲ. ಕೆಳಗಿನ ಪೇಟೆಯ ಚರ್ಚುಗಳೆಲ್ಲ 1693ರ ನಂತರ ಮತ್ತೆ ಕಟ್ಟಿದವು. ಆ ವರ್ಷ ಜನವರಿ 11ರಂದು ಆದ ಭೂಕಂಪ ಈ ಭಾಗವನ್ನೆಲ್ಲ ನೆಲಸಮ ಮಾಡಿತು. ಹೀಗೆ ಮತ್ತೆ ಎದ್ದ ಎಂಟು ಊರುಗಳು 2002ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ನೋತೊ, ಮೋದಿಕಾ, ರಗೂಸಾ, ಪಲಾತ್ಸೊಲೊ ಎಲ್ಲ ಅದರಲ್ಲಿವೆ.

ಪಲಾತ್ಸೊಲೊದಿಂದ ದಕ್ಷಿಣಕ್ಕೆ ನೋತೊ ಆಂತೀಕಾ ಕಡೆಗೆ ಹೋಗುವುದಾದರೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಭೂಕಂಪದಲ್ಲಿ ಬಿದ್ದ ಹಳೇ ನೋತೊ ಅದು. ಜನ ಅದನ್ನು ಬಿಟ್ಟು ಕೆಳಗೆ ಹೊಸ ಊರು ಕಟ್ಟಿಕೊಂಡರು. ಗುಡ್ಡದ ನೆತ್ತಿಯಲ್ಲಿ ಕೋಟೆಬಾಗಿಲು ದಾಟಿದರೆ ಪಾಳುಬಿದ್ದ ಗೋಡೆಗಳ ನಡುವೆ ಮಣ್ಣಿನ ದಾರಿ ಸಾಗುತ್ತದೆ. ಅಂಗಡಿ ಇಲ್ಲ, ನೀರೂ ಸಿಗುತ್ತದೆ ಅಂತ ನಂಬಬೇಡಿ. ತುಂಬಿಸಿಕೊಂಡೇ ಹೋಗಿ.

ಈಗ ನಿಜ ಹೇಳಬೇಕು. ವಾಹನವೇ ಇಲ್ಲದ ದಾರಿ ಅಂದರೆ ಎಲ್ಲ ಒಂದೇ ಉದ್ದಕ್ಕೆ ಸಿಗುವುದಿಲ್ಲ. ತುಂಡು ತುಂಡಾಗಿ ಸಿಗುತ್ತದೆ. ನಡುವೆ ಸಣ್ಣ ಡಾಂಬರು ರಸ್ತೆಗಳಿಂದ ಪೋಣಿಸಿಕೊಳ್ಳಬೇಕು. ಹಳೇ ರೈಲು ದಾರಿಯೂ ಕಣಿವೆಯ ಆಚೆ ಎಲ್ಲ ಕಡೆ ಹೀಗೆ ಸುಸ್ಥಿತಿಯಲ್ಲಿಲ್ಲ. ಕೆಲವು ಕಡೆ ಮುಳ್ಳು ಬೆಳೆದಿದೆ, ಕೆಲವು ಕಡೆ ಯಾರದೋ ಹೊಲದ ಬೇಲಿ. ಪೋಣಿಸಲು ಒಳ್ಳೆಯದು ‘ತ್ರಾತ್ಸೆರಾ’ಗಳು. ಹಿಂದೆ ದನಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿಗಳು. ರಾಜರ ಕಾಲದಲ್ಲಿ ಇವುಗಳ ಅಗಲ 37.68 ಮೀಟರ್ ಅಂತ ಗೊತ್ತುಮಾಡಿದ್ದರು. ಈಗ ಬಹಳ ಕಡೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ಉಳಿದಿದೆ. ರಗೂಸಾ ಹತ್ತಿರವಾದಂತೆ ಎರಡೂ ಕಡೆ ಗಾರೆ ಇಲ್ಲದೆ ಪೇರಿಸಿದ ಬಿಳಿ ಕಲ್ಲಿನ ಗೋಡೆ, ಒಳಗೆ ಕ್ಯಾರಬ್ ಮರ, ಹಸು.

ಕುರಿ ಇದ್ದಲ್ಲಿ ನಾಯಿ ಇರುತ್ತದೆ. ದೊಡ್ಡ ನಾಯಿ, ಮಾಲೀಕ ದೂರದಲ್ಲಿ ಎಲ್ಲೋ. ಪೆಡಲ್ ತುಳಿದು ತಪ್ಪಿಸಿಕೊಳ್ಳಲು ಹೋದರೆ ಜಾಸ್ತಿ ಅಟ್ಟಿಸಿಕೊಂಡು ಬರುತ್ತವೆ. ಇಳಿಯಿರಿ, ಸೈಕಲ್ ನಡುವೆ ಇರಲಿ, ಸುಮ್ನೆ ನಿಧಾನಕ್ಕೆ ನಡೆಯಿರಿ. ಕುರಿ ಹಿಂಡಿನ ಮಧ್ಯೆ ಮಾತ್ರ ನುಗ್ಗಬೇಡಿ.

ಯಾವಾಗ ಹೋಗಬೇಕು? ಏಪ್ರಿಲ್, ಮೇ ಅಥವಾ ಅಕ್ಟೋಬರ್. ಬೆಂಗಳೂರಿನವರು ಜೂನ್ ಕೊನೆ ಜುಲೈ ಅಂತ ಯೋಚಿಸಿದರೆ ಬೇಡ ಅನ್ನುತ್ತೇನೆ. 2021ರ ಆಗಸ್ಟ್ 11ರಂದು ಸಿರಾಕೂಸಾ ಬಳಿ 48.8 ಡಿಗ್ರಿ ದಾಖಲಾಗಿದೆ, ಯುರೋಪಿನಲ್ಲೇ ಅತಿ ಹೆಚ್ಚು. ವಸಂತದಲ್ಲಿ ದಾರಿಯುದ್ದಕ್ಕೂ ಹೂವು. ಮಳೆಯ ನಂತರದ ಒಂದೆರಡು ದಿನ ಹೊಲದ ದಾರಿಗಳ ಜೇಡಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಆಗ ಕಣಿವೆಯ ಜಲ್ಲಿ ದಾರಿಯೇ ವಾಸಿ.

ಟೈರ್ 40 ಮಿಲಿಮೀಟರಿಗಿಂತ ಸಪೂರ ಬೇಡ, ಟ್ಯೂಬ್‌ಲೆಸ್ ಆದರೆ ಒಳ್ಳೆಯದು. ಸುಣ್ಣಕಲ್ಲಿನ ಅಂಚು ಹರಿತ, ಮೇಲಿಂದ ಪಾಪಾಸುಕಳ್ಳಿಯ ಮುಳ್ಳು ಬೇರೆ. ಏರು ಹತ್ತಲು ಹಗುರಾದ ಗೇರ್ ಇರುವ ಸೈಕಲ್ ಆರಿಸಿಕೊಳ್ಳಿ. ಫೆರ್ಲಾದ ಏರಿನಲ್ಲಿ ನನ್ನನ್ನು ನೆನೆಯುತ್ತೀರಿ. ಇಲ್ಲಿಂದಲೇ ಸೈಕಲ್ ಹೊತ್ತುಕೊಂಡು ಹೋಗುವುದಕ್ಕಿಂತ ಸಿರಾಕೂಸಾ ಅಥವಾ ಕತಾನಿಯಾದಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದು ಮೇಲು, ಮೊದಲೇ ಬುಕ್ ಮಾಡಿ. ಷೆಂಗೆನ್ ವೀಸಾಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದು ತಡ, ಆದ್ದರಿಂದ ಆ ಕೆಲಸ ಮೊದಲು. ವಿಮಾನ ಕತಾನಿಯಾಗೆ. ಅಲ್ಲಿಂದ ಸಿರಾಕೂಸಾಗೆ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ.

ಊಟದ ವಿಷಯ ಸಸ್ಯಾಹಾರಿಗಳಿಗೆ. ಹೆದರಬೇಡಿ, ಹಸಿವಿನಲ್ಲಿ ಇರಬೇಕಾಗಿಲ್ಲ. ರಗೂಸಾ ಕಡೆಯ ‘ಸ್ಕಾಚಾ’ ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಟೊಮೆಟೊ, ಚೀಸ್ ಮಡಚಿ ಬೇಯಿಸಿದ್ದು. ಬೇಕರಿಗಳಲ್ಲಿ ಸಿಗುತ್ತದೆ, ಜೇಬಿಗೆ ಹಾಕಿಕೊಂಡು ಹೋಗಬಹುದು. ಬದನೆಕಾಯಿ ಹಾಕಿದ ಪಾಸ್ತಾ ಆಲ್ಲಾ ನೋರ್ಮಾ ಎಲ್ಲ ಕಡೆ ಉಂಟು. ಒಂದು ಮಾತ್ರ ನೆನಪಿಡಿ: ಕನ್ನೋಲಿ ಅನ್ನುವ ಸಿಹಿತಿಂಡಿಯ ಹೊರಪದರದ ಹಿಟ್ಟಿಗೆ ಬಹಳ ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. ‘ಸ್ತ್ರುತ್ತೊ?’ ಅಂತ ಕೇಳಿದರೆ ಹೌದೋ ಅಲ್ಲವೋ ಹೇಳುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಣ್ಣ ಊರುಗಳಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ. ಹನ್ನೆರಡೂವರೆಗೆ ತಿಂಡಿ ಕಟ್ಟಿಸಿಕೊಂಡಿರಿ.

ವಾಪಸ್ಸು ಬರಲು ರಗೂಸಾದಿಂದ ಮೋದಿಕಾ, ನೋತೊ ಮೇಲಿಂದ ಸಿರಾಕೂಸಾಗೆ ಈಗಲೂ ಓಡುವ ಬೇರೆ ರೈಲು ಇದೆ. ರಗೂಸಾ ಬಿಟ್ಟ ಮೇಲೆ ಅದು ಗುಡ್ಡದೊಳಗೆ ಸುರುಳಿ ಸುತ್ತಿಕೊಂಡು ಇಳಿಯುತ್ತದೆ. ಸೈಕಲ್ ಗುರುತಿರುವ ರೈಲು ಯಾವುದು ಅಂತ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ, ಸೈಕಲ್‌ಗೆ ಬೇರೆ ಟಿಕೆಟ್ ಬೇಕೇ ಅಂತ ಕೇಳಿಕೊಳ್ಳಿ. ಭಾನುವಾರದ ಮೇಲೆ ಮಾತ್ರ ಭರವಸೆ ಇಡಬೇಡಿ, ಶನಿವಾರವೇ ರಗೂಸಾ ಬಿಡುವ ಹಾಗೆ ಲೆಕ್ಕ ಹಾಕಿ.