ನಡುರಾತ್ರಿ ಸೂರ್ಯನ ಕಯಾಕಿಂಗ್: ದುಡ್ಡು ಕಟ್ಟುವ ಮುಂಚೆ ಉತ್ತರ ಯಾವ ಕಡೆ ಅಂತ ಕೇಳಿ

ಜೂನ್ ಕೊನೆಯ ವಾರ, ನಾರ್ವೆಯ ಲೋಫೋಟೆನ್ ದ್ವೀಪಗಳು. ರಾತ್ರಿ 10 ಗಂಟೆ ದಾಟಿತ್ತು. ನಾನು ಮತ್ತು ತಂಗಿ ಇಬ್ಬರು ಕೂರುವ ಕಯಾಕ್‌ನಲ್ಲಿ ಹುಟ್ಟು ಹಾಕುತ್ತಿದ್ದೆವು. ಪುಸ್ತಕ ಓದುವಷ್ಟು ಬೆಳಕು. ನೀರು ಎಣ್ಣೆ ಸವರಿದ ಹಾಗೆ ನುಣ್ಣಗೆ. ಆದರೆ ಸೂರ್ಯ ಇಲ್ಲ.

"ಅಕ್ಕಾ, ಸೂರ್ಯ ಎಲ್ಲಿ ಹೋದ?" ಅಂತ ತಂಗಿ ಹಿಂದಿನ ಸೀಟಿನಿಂದ ಕೇಳಿದಳು.

ಬೆಟ್ಟದ ಹಿಂದೆ ಹೋಗಿದ್ದ. ನಾವು ದಡ ಸೇರುವವರೆಗೂ ಆಚೆ ಬರಲಿಲ್ಲ.

ಈ ಟ್ರಿಪ್‌ಗೆ ನಾವು ತಲೆಗೆ 1,250 ಕ್ರೋನರ್ ಕೊಟ್ಟಿದ್ದೆವು. ನಮ್ಮ ಲೆಕ್ಕದಲ್ಲಿ ಸುಮಾರು 10,000 ರೂಪಾಯಿ. ಟ್ರಿಪ್‌ನ ಹೆಸರಿನಲ್ಲೇ 'ನಡುರಾತ್ರಿ ಸೂರ್ಯ' ಅಂತ ಇತ್ತು. ಜಾಹೀರಾತಿನ ಫೋಟೋದಲ್ಲಿ ಕಯಾಕ್ ಮೂತಿಯ ನೇರಕ್ಕೆ ಕೆಂಪು ಸೂರ್ಯ ನೀರಿನ ಮೇಲೇ ಕೂತಿದ್ದ. ಮೋಡ ಮುಚ್ಚಿ ಕಾಣದಿದ್ದರೆ ಬೇಜಾರಿಲ್ಲ, ಮೋಡ ಯಾರ ಕೈಯಲ್ಲೂ ಇಲ್ಲ. ಆದರೆ ಆವತ್ತು ಆಕಾಶ ಪೂರ್ತಿ ತಿಳಿಯಾಗಿತ್ತು. ಆ ಜಾಗದಿಂದ ಆ ಹೊತ್ತಿನಲ್ಲಿ ಸೂರ್ಯ ಕಾಣುವುದೇ ಇಲ್ಲ. ಇದು ಮಾರಿದವರಿಗೆ ಗೊತ್ತಿಲ್ಲದ ವಿಷಯವಲ್ಲ. ನಿಮಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ವಿಷಯ ಸರಳ. ಅಲ್ಲಿ ಸೂರ್ಯ ಮುಳುಗದೆ ಆಕಾಶದಲ್ಲೇ ಸುತ್ತು ಹೊಡೆಯುತ್ತಾನೆ, ನಿಜ. ಆದರೆ ರಾತ್ರಿ ಹೊತ್ತಿಗೆ ಅವನು ನಿಲ್ಲುವುದು ಸರಿಯಾಗಿ ಉತ್ತರಕ್ಕೆ, ಅದೂ ತೀರಾ ಕೆಳಗೆ. ನಾವು ಮೊದಲು ಉಳಿದಿದ್ದ ಲೋಫೋಟೆನ್‌ನ ಸ್ವೋಲ್ವೆರ್ ಊರು 68 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ 21ರ ರಾತ್ರಿಯೂ ಸೂರ್ಯ ಇಳಿದು ಇಳಿದು ದಿಗಂತದಿಂದ 2 ಡಿಗ್ರಿಗಿಂತ ಕಡಿಮೆ ಎತ್ತರಕ್ಕೆ ಬರುತ್ತಾನೆ. ತೋಳು ಪೂರ್ತಿ ಚಾಚಿ ಒಂದು ಬೆರಳನ್ನು ಅಡ್ಡ ಹಿಡಿಯಿರಿ. ಆ ಬೆರಳಿನ ದಪ್ಪವೇ ಆ ಎತ್ತರ. ಒಂದು ಬೆರಳಿನಷ್ಟು ಮೇಲಿರುವ ಸೂರ್ಯನನ್ನು ಮರೆ ಮಾಡಲು ಸಣ್ಣ ಗುಡ್ಡ ಸಾಕು. ಸ್ವೋಲ್ವೆರ್ ಬೆನ್ನಿಗೇ ಇರುವ ಫ್ಲೋಯಾ ಬೆಟ್ಟ 590 ಮೀಟರ್ ಇದೆ!

ಲೋಫೋಟೆನ್ ಅಂದರೆ ಈಶಾನ್ಯದಿಂದ ನೈಋತ್ಯಕ್ಕೆ ಸಾಲಾಗಿ ಹರಡಿದ ದ್ವೀಪಗಳು. ನಡುವೆ ಬೆಟ್ಟಗಳ ಗೋಡೆ. ಪ್ರವಾಸಿಗಳು ಉಳಿಯುವ ಸ್ವೋಲ್ವೆರ್, ಕಾಬೆಲ್ವೋಗ್, ಹೆನ್ನಿಂಗ್ಸ್‌ವೇರ್ ಮೂರೂ ಆ ಗೋಡೆಯ ದಕ್ಷಿಣದ ಮಗ್ಗುಲಲ್ಲಿವೆ. ನಡುರಾತ್ರಿ ಸೂರ್ಯ ಕಾಣಬೇಕಾದರೆ ಗೋಡೆಯ ಆಚೆ, ತೆರೆದ ಸಮುದ್ರದ ಕಡೆಗೆ ಹೋಗಬೇಕು. ಎಗ್ಗುಮ್, ಉಟ್ಟಕ್ಲೈವ್, ಲೌಕ್ವಿಕ್, ಗಿಮ್ಸೋಯಾ ದ್ವೀಪದ ಹೋವ್ ಇವೆಲ್ಲ ಆ ಕಡೆಯವು.

ಇನ್ನೊಂದು ವಿಷಯ ಗಡಿಯಾರದ್ದು. ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿರುತ್ತಾರೆ. ಹಾಗಾಗಿ ಸೂರ್ಯ ಎಲ್ಲಕ್ಕಿಂತ ಕೆಳಗೆ ಬರುವುದು 12ಕ್ಕಲ್ಲ, ಸುಮಾರು 1 ಗಂಟೆಗೆ. ನಮ್ಮ ಟ್ರಿಪ್ ರಾತ್ರಿ 9ಕ್ಕೆ ಶುರುವಾಗಿ 12ಕ್ಕೆ ಮುಗಿಯಿತು. ನಡುರಾತ್ರಿ ಅಂತ ಹೆಸರಿದ್ದರೂ ನಿಜವಾದ ನಡುರಾತ್ರಿ ನಾವು ರೂಮಿಗೆ ಹೋದ ಮೇಲೆ ಬಂತು.

ಹಾಗಾಗಿ ಬುಕ್ ಮಾಡುವ ಮುಂಚೆ ಫೋನ್ ಮಾಡಿ. ಕಯಾಕ್ ನೀರಿಗಿಳಿಸುವ ಜಾಗ ಯಾವುದು, ಅಲ್ಲಿಂದ ಉತ್ತರ ದಿಕ್ಕು ತೆರೆದಿದೆಯಾ, ರಾತ್ರಿ 1ಕ್ಕೆ ನೀರಿನ ಮೇಲೆ ಇರುತ್ತೇವಾ ಅಂತ ನೇರವಾಗಿ ಕೇಳಿ. ಸುಮ್ನೆ 'ಬೆಳಕು ಚೆನ್ನಾಗಿರುತ್ತೆ' ಅಂದರೆ ಸೂರ್ಯ ಕಾಣಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ಸ್ವೋಲ್ವೆರ್ ಕಡೆ ನಡುರಾತ್ರಿ ಸೂರ್ಯ ಇರುವುದು ಮೇ 28ರ ಸುಮಾರಿನಿಂದ ಜುಲೈ 14ರವರೆಗೆ. ಅದು ಮುಗಿದ ಕೂಡಲೇ ಹೋಗುವವರಿಗೆ ಈ ತಲೆಬಿಸಿಯೇ ಇಲ್ಲ. ಸೂರ್ಯ ಸ್ವಲ್ಪ ಹೊತ್ತು ಮುಳುಗುತ್ತಾನೆ, ಕತ್ತಲಾಗುವುದಿಲ್ಲ, ಆಕಾಶ ಗಂಟೆಗಟ್ಟಲೆ ಕೆಂಪಗೇ ಇರುತ್ತದೆ.

ಆ ಮೊದಲ ಟ್ರಿಪ್ಪೂ ಪೂರ್ತಿ ದಂಡ ಅಂತ ಹೇಳಲ್ಲ. ನಮ್ಮನ್ನು ಕರೆದುಕೊಂಡು ಹೋದ ಹುಡುಗಿ ತುಂಬ ಒಳ್ಳೆಯ ಗೈಡ್. ಜಾಹೀರಾತು ಮಾಡಿದವಳು ಅವಳಲ್ಲ. ಸೂರ್ಯ ಎಲ್ಲಿ ಅಂತ ಕೇಳಿದ ತಕ್ಷಣ "ಇಲ್ಲಿಂದ ಕಾಣಲ್ಲ, ನೀವು ಆಚೆ ತೀರಕ್ಕೆ ಹೋಗಬೇಕು" ಅಂತ ಮುಚ್ಚುಮರೆ ಇಲ್ಲದೆ ಹೇಳಿದಳು. ಬೆಟ್ಟದ ಗೋಡೆಯ ಈಚೆ, ದಕ್ಷಿಣದ ಕಡೆಯೇ ಹೋಗಲು ಕಾರಣವೂ ಇದೆ. ಅಲ್ಲಿ ಸಣ್ಣ ಸಣ್ಣ ಬಂಡೆ ದ್ವೀಪಗಳ ಮರೆ ಸಿಗುತ್ತದೆ, ಅಲೆ ಕಡಿಮೆ, ಹೊಸಬರಿಗೆ ಸುರಕ್ಷಿತ. ಅದನ್ನು ಹಾಗೇ ಹೇಳಿ ಮಾರಿದ್ದರೆ ನಾನೇ ಖುಷಿಯಿಂದ ಹೊಗಳುತ್ತಿದ್ದೆ.

ಅವಳು ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ನಮಗೆ ಇದು ಯಾರೂ ಮುಂಚೆ ಹೇಳಿರಲಿಲ್ಲ. ನಾವು ಕುಂದಾಪುರದವರು. ಪಾತಿ ದೋಣಿಯಲ್ಲಿ ಕೂತು ಬೆಳೆದವರು, ನೀರಿನ ಹೆದರಿಕೆ ಇಲ್ಲ. ಆದರೆ ಅದು ನಮ್ಮ ಬೆಚ್ಚಗಿನ ನೀರಲ್ಲ. ಬೇಸಿಗೆಯಲ್ಲೂ ಹತ್ತು-ಹನ್ನೆರಡು ಡಿಗ್ರಿ. ಬಿದ್ದರೆ ಮೊದಲು ಉಸಿರೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಡ್ರೈ ಸೂಟ್ ಕೊಡುತ್ತಾರೆ. ಪಾದದಿಂದ ಕುತ್ತಿಗೆವರೆಗೆ ಒಂದೇ ಬಟ್ಟೆ. ಕುತ್ತಿಗೆಗೂ ಮಣಿಕಟ್ಟಿಗೂ ತೆಳ್ಳಗಿನ ರಬ್ಬರ್ ಪಟ್ಟಿ. ತಲೆ ತೂರಿಸುವಾಗ ಕಿವಿ ಕಿತ್ತುಬಂದ ಹಾಗಾಗುತ್ತದೆ. ಬಳೆ, ವಾಚು, ಓಲೆ, ಸರ ಎಲ್ಲ ಮೊದಲೇ ತೆಗೆದಿಡಿ, ರಬ್ಬರ್ ಹರಿದರೆ ಅದರ ದುಡ್ಡು ನಿಮ್ಮದೇ. ಕೂದಲು ಬಿಗಿಯಾಗಿ ಜಡೆ ಹಾಕಿ. ಹಾಕಿಕೊಂಡ ಮೇಲೆ ಕುತ್ತಿಗೆ ಪಟ್ಟಿಯನ್ನು ಒಂದು ಬೆರಳಿನಿಂದ ಎಳೆದು ಹಿಡಿದು ಕುಕ್ಕರುಗಾಲಲ್ಲಿ ಕೂರಬೇಕು. ಒಳಗಿನ ಗಾಳಿ ಬುಸ್ ಅಂತ ಆಚೆ ಹೋಗಿ ಸೂಟ್ ಮೈಗೆ ಅಂಟಿಕೊಳ್ಳುತ್ತದೆ. ಇದನ್ನು ಬಿಟ್ಟರೆ ನೀರಿಗೆ ಬಿದ್ದಾಗ ಬಲೂನಿನ ಹಾಗೆ ಉಬ್ಬಿ ಈಜಲು ಆಗುವುದಿಲ್ಲ.

ಡ್ರೈ ಸೂಟ್ ನೀರು ತಡೆಯುತ್ತದೆ ಅಷ್ಟೇ, ಬೆಚ್ಚಗಿಡುವುದಿಲ್ಲ. ಒಳಗೆ ಉಣ್ಣೆಯ ಬನಿಯನ್ನು, ಉಣ್ಣೆಯ ಸಾಕ್ಸ್ ಬೇಕು. ನಾನು ಕಾಟನ್ ಟೀಶರ್ಟ್ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಬೆವರಿಗೆ ಒದ್ದೆಯಾಗಿ ಬೆನ್ನು ತಣ್ಣಗಾಗಿ ಕೊನೆವರೆಗೂ ನಡುಗಿದೆ. ಮತ್ತೆ, ಸೂಟ್ ಹಾಕುವ ಮುಂಚೆ ಬಾತ್‌ರೂಮಿಗೆ ಹೋಗಿಬನ್ನಿ. ಮೂರು ಗಂಟೆ ಬಿಚ್ಚುವ ಹಾಗಿಲ್ಲ. ಹೆಂಗಸರು ಇದನ್ನು ಖಂಡಿತ ಮರೆಯಬೇಡಿ.

ಕಯಾಕ್‌ನಲ್ಲಿ ಕೂತ ಮೇಲೆ ಸೊಂಟದ ಸುತ್ತ ಒಂದು ಮುಚ್ಚಳದಂಥ ಬಟ್ಟೆ ಬಿಗಿಯುತ್ತಾರೆ, ನೀರು ಒಳಗೆ ಬರಬಾರದು ಅಂತ. ಅದರ ಮುಂದೆ ಒಂದು ಹಿಡಿ ಇರುತ್ತದೆ. ಆ ಹಿಡಿ ಆಚೆಯೇ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಕಯಾಕ್ ಮಗುಚಿದರೆ ಅದನ್ನು ಎಳೆದೇ ಹೊರಗೆ ಬರಬೇಕು. ಹುಟ್ಟನ್ನು ತೋಳಿನಿಂದ ಎಳೆಯಬೇಡಿ, ಸೊಂಟ ತಿರುಗಿಸಿ ಹಾಕಿ. ತೋಳಿನಿಂದ ಎಳೆದವರ ಭುಜ ಮಾರನೇ ದಿನ ಏಳುವುದಿಲ್ಲ. ಇಬ್ಬರ ಕಯಾಕ್‌ನಲ್ಲಿ ಹಿಂದೆ ಕೂತವರ ಕಾಲಿನಲ್ಲಿ ಚುಕ್ಕಾಣಿ ಇರುತ್ತದೆ. ಸ್ವಲ್ಪ ಎತ್ತರ ಇರುವವರು, ತಾಳ್ಮೆ ಇರುವವರು ಹಿಂದೆ ಕೂರಲಿ.

ಆವತ್ತು ಒಂದು ಕಡಲ ಹದ್ದು ನೋಡಿದೆವು. ನಮ್ಮಿಂದ ಎರಡು ದೋಣಿ ದೂರದ ಬಂಡೆ ಮೇಲೆ ಕೂತಿತ್ತು. ಗೈಡ್ ಹುಟ್ಟು ಎತ್ತಿ ಸುಮ್ಮನಿರಿ ಅಂತ ಸನ್ನೆ ಮಾಡಿದಳು. ರೆಕ್ಕೆ ಬಿಚ್ಚಿದಾಗ ಬಾಗಿಲ ಹಲಗೆ ತೆರೆದ ಹಾಗಾಯಿತು. ಎರಡು ಮೀಟರ್‌ಗಿಂತ ಜಾಸ್ತಿ ಅಗಲ. ಅದು ಹಾರಿದಾಗ ಎದ್ದ ಗಾಳಿಯ ಸದ್ದು ನಮಗೆ ಕೇಳಿತು. ನೀರಿನಲ್ಲಿ ಈಡರ್ ಬಾತುಗಳು ಮರಿ ಕಟ್ಟಿಕೊಂಡು ಹೋಗುತ್ತಿದ್ದವು.

ಉಳಿದುಕೊಂಡ ರೂಮಿನ ಬಗ್ಗೆ ಎರಡು ಮಾತು. ರೋರ್ಬು ಅಂದರೆ ಹಿಂದೆ ಮೀನುಗಾರರು ಉಳಿಯುತ್ತಿದ್ದ ಕೆಂಪು ಮರದ ಮನೆ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ್ದು. ಈಗ ಎಲ್ಲ ಬಾಡಿಗೆಗೆ. ಸ್ವೋಲ್ವೆರ್‌ನಲ್ಲಿ ನಾವು ರಾತ್ರಿಗೆ 2,100 ಕ್ರೋನರ್ ಕೊಟ್ಟು ಒಂದು ರೂಮ್ ಹಿಡಿದೆವು. ಹೋಗಿ ನೋಡಿದರೆ ಹಾಸಿಗೆ ಮೇಲೆ ಹೊದಿಕೆಯೇ ಇಲ್ಲ. ಬೆಡ್‌ಶೀಟ್, ಟವೆಲ್‌ಗೆ ತಲೆಗೆ 180 ಬೇರೆ, ಹೋಗುವಾಗ ಗುಡಿಸಿ ಒರೆಸದಿದ್ದರೆ ಕ್ಲೀನಿಂಗ್ ಚಾರ್ಜ್ ಬೇರೆ. ನಾರ್ವೆಯಲ್ಲಿ ಕ್ಯಾಬಿನ್‌ಗಳಲ್ಲಿ ಇದು ಮಾಮೂಲಿ, ಆದರೆ ಆ ರೇಟಿಗೆ ನಾವು ಅದನ್ನು ಎದುರುನೋಡಿರಲಿಲ್ಲ. ಕಿಟಕಿಗೆ ತೆಳ್ಳಗಿನ ಬಿಳಿ ಪರದೆ. ಬೆಳಗಿನ ಜಾವ ಮೂರಕ್ಕೆ ಮುಖದ ಮೇಲೆ ಬಿಸಿಲು. ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ ಊರಿಂದಲೇ ತನ್ನಿ. ಕ್ರೂಸ್ ಹಡಗು ಬಂದ ದಿನ ದಕ್ಕೆ ಮೇಲೆ ಕಾಲಿಡಲು ಜಾಗ ಇರಲಿಲ್ಲ. ನನಗೆ ಗುಂಪು ಆಗಿಬರಲ್ಲ. ಎರಡನೇ ದಿನವೇ ಗಂಟು ಕಟ್ಟಿ 5 ಕಿಲೋಮೀಟರ್ ಆಚೆಯ ಕಾಬೆಲ್ವೋಗ್‌ಗೆ ಹೋದೆವು. ನೀವು ಮೊದಲೇ ಅಲ್ಲಿಗೆ ಹೋಗಿ.

ಕಾಬೆಲ್ವೋಗ್‌ನಲ್ಲಿ ಚೌಕದಿಂದ ನೀರಿನ ಕಡೆ ಇಳಿದರೆ ಒಂದು ಸಣ್ಣ ಮೀನಂಗಡಿ. ಒಳಗೆ ನಾಲ್ಕೇ ಟೇಬಲ್. ಅಲ್ಲಿನ ಫಿಸ್ಕೆಕಾಕೆ ತಿನ್ನದೆ ಬರಬೇಡಿ. ಮೀನಿನ ಮಾಂಸವನ್ನು ಹಾಲು, ಆಲೂಗಡ್ಡೆ ಹಿಟ್ಟು, ಜಾಯಿಕಾಯಿ ಹಾಕಿ ರುಬ್ಬಿ, ಅಂಗೈ ಗಾತ್ರ ತಟ್ಟಿ ಬೆಣ್ಣೆಯಲ್ಲಿ ಕಾಯಿಸುತ್ತಾರೆ. ಹೊರಗೆ ಕಂದು ಬಣ್ಣಕ್ಕೆ ಗರಿಗರಿ, ಒಳಗೆ ಇಡ್ಲಿಯ ಹಾಗೆ ಮೆತ್ತಗೆ. ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ, ತುರಿದ ಹಸಿ ಕ್ಯಾರೆಟ್, ಹುರಿದ ಈರುಳ್ಳಿ. ಒಂದು ತಟ್ಟೆಗೆ 95 ಕ್ರೋನರ್. ಅದೇ ಊರಿನ ಹೋಟೆಲಿನಲ್ಲಿ ಒಂದು ಬಟ್ಟಲು ಮೀನು ಸೂಪ್ 230 ಇತ್ತು, ಹಾಗಾಗಿ ಇದು ಎಷ್ಟು ಅಗ್ಗ ಅಂತ ನೀವೇ ನೋಡಿ. ಖಾರ ಒಂಚೂರೂ ಇರಲ್ಲ. ನಾವು ಚೀಲದಲ್ಲಿ ತಂದಿದ್ದ ಮೆಣಸಿನ ಪುಡಿ ಉದುರಿಸಿಕೊಂಡೆವು. ಅಂಗಡಿಯ ಅಜ್ಜಿ ಬಂದು ಬೆರಳ ತುದಿಯಲ್ಲಿ ರುಚಿ ನೋಡಿ, ಕಣ್ಣೊರೆಸಿಕೊಂಡು, ಇನ್ನೊಂದು ಚಿಟಿಕೆ ಕೇಳಿ ತೆಗೆದುಕೊಂಡರು. ನಾಲ್ಕು ದಿನದಲ್ಲಿ ಐದು ಸಲ ಅಲ್ಲಿ ತಿಂದೆವು.

ಹೊರಗೆ ಮರದ ಚಪ್ಪರಗಳಲ್ಲಿ ಕಾಡ್ ಅನ್ನುವ ಸಮುದ್ರ ಮೀನಿನ ತಲೆಗಳು ತೂಗುತ್ತಿದ್ದವು. ನಮ್ಮಲ್ಲಿ ಉಪ್ಪು ಹಾಕಿ ಬಿಸಿಲಿಗೆ ಒಣಗಿಸುತ್ತೇವೆ, ಅಲ್ವಾ? ಅಲ್ಲಿ ಉಪ್ಪೇ ಇಲ್ಲ, ಬರೀ ಚಳಿಗಾಳಿ. ಫೆಬ್ರವರಿಯಿಂದ ಮೇವರೆಗೆ ತೂಗಿಹಾಕಿದರೆ ಕಟ್ಟಿಗೆಯಾಗುತ್ತದೆ. ತಲೆಗಳು ನೈಜೀರಿಯಾಕ್ಕೆ ಹೋಗುತ್ತವೆ ಅಂತ ಅಜ್ಜಿ ಹೇಳಿದರು. ವಾಸನೆ ಮಾತ್ರ ನಮ್ಮ ಗಂಗೊಳ್ಳಿಯದೇ.

ಮೀನು ತಿನ್ನದವರಿಗೆ ಹೃದಯದ ಆಕಾರದ ವಾಫಲ್ ಇದೆ, ಮೇಲೆ ಕಂದು ಚೀಸ್ ಇಟ್ಟು ಕೊಡುತ್ತಾರೆ. ಹಾಲೊಡಕನ್ನು ಬತ್ತಿಸಿ ಮಾಡುವುದು. ಸ್ವಲ್ಪ ಉಪ್ಪು ಬಿದ್ದ, ತಳ ಹಿಡಿದ ಖೋವಾದ ರುಚಿ. ಊಟಕ್ಕೆ ಅದು ಸಾಲದು. ಅವಲಕ್ಕಿ, ಉಪ್ಪಿಟ್ಟಿನ ರವೆ ತಂದುಕೊಳ್ಳಿ, ಕ್ಯಾಬಿನ್‌ನಲ್ಲಿ ಒಲೆ ಇರುತ್ತದೆ.

ಎರಡನೇ ಟ್ರಿಪ್ ನಾವು ಫೋನ್ ಮಾಡಿಯೇ ಹಿಡಿದೆವು. ಗಿಮ್ಸೋಯಾದ ಹೋವ್‌ನಿಂದ ಹೊರಡುವ ಸಣ್ಣ ತಂಡ, ಆರೇ ಜನ. "ಸೂರ್ಯ ಕಾಣುತ್ತಾ?" ಅಂದರೆ, "ಗಾಳಿ ಇಲ್ಲದಿದ್ದರೆ ಹೋಗುತ್ತೇವೆ, ಮೋಡ ಇಲ್ಲದಿದ್ದರೆ ಕಾಣುತ್ತೆ" ಅಂದರು. ಈ ಉತ್ತರ ನನಗೆ ಇಷ್ಟವಾಯಿತು. ಮೊದಲ ರಾತ್ರಿ ಗಾಳಿ ಎದ್ದು ರದ್ದಾಯಿತು. ದುಡ್ಡು ವಾಪಸ್ ಬೇಕಾ, ನಾಳೆ ಬರುತ್ತೀರಾ ಅಂತ ಕೇಳಿದರು. ಆ ಕಡೆ ತೀರ ಬಯಲು, ಉತ್ತರದ ಗಾಳಿ ನೇರ ಬಡಿಯುತ್ತದೆ. ಹಾಗಾಗಿ ಕಯಾಕಿಂಗ್‌ಗೆ ಅಂತಲೇ ಎರಡು ರಾತ್ರಿ ಜಾಸ್ತಿ ಇಟ್ಟುಕೊಳ್ಳಿ. ವೈಆರ್ ಅನ್ನುವ ನಾರ್ವೆಯ ಹವಾಮಾನ ಆ್ಯಪ್ ಹಾಕಿಕೊಂಡು ಮಳೆಗಿಂತ ಗಾಳಿಯ ಸಾಲನ್ನು ನೋಡುತ್ತಿರಿ.

ಆ ಹೊತ್ತಿನಲ್ಲಿ ಬಸ್ ಇಲ್ಲ. ಒಂದು ದಿನಕ್ಕೆ ಕಾರು ಬಾಡಿಗೆಗೆ ತೆಗೆದುಕೊಂಡೆವು. ಪಾರ್ಕಿಂಗ್ ದುಡ್ಡು ವಿಪ್ಸ್ ಅನ್ನುವ ಫೋನ್ ಆ್ಯಪ್‌ನಲ್ಲಿ ಕೇಳಿದರು. ತಂಗಿ ಟ್ರೋಂಡ್‌ಹೈಮ್‌ನಲ್ಲಿ ಕೆಲಸದಲ್ಲಿರುವುದರಿಂದ ಅವಳ ಹತ್ತಿರ ಇತ್ತು. ನಮ್ಮಂಥ ಪ್ರವಾಸಿಗಳಿಗೆ ಅದು ಸಿಗುವುದಿಲ್ಲ. ಕಾರ್ಡ್ ನಡೆಯುತ್ತಾ ಅಂತ ಮೊದಲೇ ವಿಚಾರಿಸಿ.

ರಾತ್ರಿ ಹತ್ತೂವರೆಗೆ ಬಿಳಿ ಮರಳಿನಿಂದ ನೀರಿಗಿಳಿದೆವು. ಈ ಸಲ ಮೈಮೇಲೆ ಉಣ್ಣೆ ಇತ್ತು. ಅಲೆ ಒಡೆಯುತ್ತಿರಲಿಲ್ಲ, ಸುಮ್ನೆ ಎತ್ತಿ ಇಳಿಸುತ್ತಿತ್ತು. ತಗ್ಗಿಗೆ ಇಳಿದಾಗ ಮುಂದಿನ ಕಯಾಕ್‌ನವರ ತಲೆ ಮಾತ್ರ ಕಾಣುತ್ತಿತ್ತು. ಎದುರಿಗೆ ಅಡ್ಡ ಏನೂ ಇಲ್ಲ, ಸೂರ್ಯ ಪೂರ್ತಿ. ಒಂದು ಗಂಟೆಗೆ ಐದು ನಿಮಿಷ ಇರುವಾಗ ಗೈಡ್ ಎಲ್ಲ ಕಯಾಕ್‌ಗಳನ್ನೂ ಪಕ್ಕಪಕ್ಕ ತರಿಸಿ, ಒಬ್ಬರ ಅಂಚನ್ನು ಒಬ್ಬರು ಹಿಡಿದುಕೊಳ್ಳಿ ಅಂದರು. ಫ್ಲಾಸ್ಕಿನಿಂದ ಬ್ಲ್ಯಾಕ್‌ಕರಂಟ್ ಹಣ್ಣಿನ ಬಿಸಿ ಪಾನಕ ಹಂಚಿದರು. ಯಾರೂ ಮಾತಾಡಲಿಲ್ಲ. ಹುಟ್ಟಿನ ತುದಿಯಿಂದ ತೊಟ್ಟಿಕ್ಕುವ ನೀರೂ ಕೆಂಪಗಿತ್ತು. ಸೂರ್ಯ ಇಳಿಯುವುದು ನಿಂತಿತು. ಎಡದಿಂದ ಬಲಕ್ಕೆ ನೀರಿನ ಗೆರೆಯ ಮೇಲೇ ಸರಿದ ಹಾಗಿತ್ತು. ತಂಗಿ ತೋಳು ಚಾಚಿ ಬೆರಳು ಅಡ್ಡ ಹಿಡಿದಳು.

"ಅಕ್ಕಾ, ನೋಡು. ಸರಿಯಾಗಿ ಒಂದು ಬೆರಳು."

ಕಯಾಕ್ ಎಳೆದು ಮರಳಿಗೆ ಹಾಕಿದಾಗ 1 ಗಂಟೆ 40 ನಿಮಿಷ. ಅಲ್ಲಿಂದ ದೊಡ್ಡ ಸೇತುವೆ ದಾಟಿ ಕಾಬೆಲ್ವೋಗ್‌ಗೆ ಮುಕ್ಕಾಲು ಗಂಟೆ ದಾರಿ. ಬೆಳಕಿದೆ ಅಂತ ಜೋರಾಗಿ ಓಡಿಸಬೇಡಿ, ಸೇತುವೆವರೆಗೂ ರಸ್ತೆಯ ಮೇಲೆ ಕುರಿಗಳು ಮಲಗಿರುತ್ತವೆ.